ಎಡಗೈ ಸುಮ್ಮನಾದ ಮೇಲೆ

ಸೇಡಂ
೧೮ ಸೆಪ್ಟೆಂಬರ್ ೨೦೦೪, ಶನಿವಾರ

ಪ್ರೀತಿಯ ಹಮೀದಾ,

ಐದೂವರೆ ವರ್ಷಗಳ ಮೇಲೆ ನಿನ್ನ ಅಕ್ಷರ ನೋಡಿದೆ. ನನ್ನ ಹೆಸರಿನ 'ಮಿ'ಗೆ ನೀನು ಈಗಲೂ ದೀರ್ಘ ಹಾಕುತ್ತೀ. ಶಹಾಬಾದಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದಾಗ ತಿದ್ದಿ ತಿದ್ದಿ ಸೋತಿದ್ದೆ. ನಿನ್ನ ಕ್ಷೇಮ ವಿಚಾರಿಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಪತ್ರದಲ್ಲಿದ್ದದ್ದು ಆರೇಳು ಸಾಲು. ಬೆಂಗಳೂರಿನ ಪತ್ರಿಕೆಯವರೊಬ್ಬರು ಮನೆಗೆ ಬಂದಿದ್ದರಂತೆ. ಹೈದರಾಬಾದಿನ ಆ ಕಛೇರಿಯ ಧ್ವನಿಮುದ್ರಿಕೆ ಮತ್ತೆ ಹೊರಗೆ ಬರುತ್ತಿದೆ, ಅದಕ್ಕೆ ಮಜೀದಭಾಯಿಯ ಫೋಟೊ ಬೇಕು ಎಂದರಂತೆ. ಹಾಡಿನ ನಡುವೆ ಅವರು ತಬಲಾ ನಿಲ್ಲಿಸಿದ ಜಾಗವನ್ನು ಬಹಳ ಹೊಗಳಿದರಂತೆ. ಆಮೇಲೆ ನೀನು ಬರೆದ ಸಾಲು ಇದು: 'ಅದು ಭಾಳ ದೊಡ್ಡ ಕಲೆ ಅಂತ ಹೇಳಿದ್ರು. ನಾ ಆ ಕ್ಯಾಸೆಟ್ ಒಮ್ಮೆನೂ ಕೇಳಿಲ್ಲ. ನೀ ಅವರ ಬಾಜೂಕ ಕುಂತಿದ್ದಿ. ಅಲ್ಲಿ ಏನಾತು, ನೀನೇ ಹೇಳು.'

ಮೂರು ದಿನದಿಂದ ಈ ಸಾಲನ್ನು ಓದುತ್ತಿದ್ದೇನೆ. ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳಬೇಕು.

ಮಜೀದಭಾಯಿಯನ್ನು ನನಗೆ ಜೊತೆ ಮಾಡಿಕೊಟ್ಟವಳು ನೀನು. ರೇಡಿಯೋದಲ್ಲಿ ಹಾಡಲು ನನಗೆ ಕರೆ ಬಂದಾಗ ತಬಲಾಕ್ಕೆ ಯಾರೂ ಸಿಗದೆ ಒದ್ದಾಡುತ್ತಿದ್ದೆ. ನಮ್ಮ ಮನೆಯವರೇ ಬಾರಿಸುತ್ತಾರೆ, ಕವ್ವಾಲಿಗೆ ಬಾರಿಸಿದ ಕೈ ದೇವರನಾಮಕ್ಕೇನು ಹೆದರುತ್ತದೆ ಎಂದು ನೀನು ನಕ್ಕಿದ್ದೆ. ಹಗಲೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿ ದುಡಿದು, ರಜೆಯ ದಿನ ರೈಲು ಹತ್ತಿ ಸೇಡಂಗೆ ಬರುತ್ತಿದ್ದರು. ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ ಉಳಿದಿರುತ್ತಿತ್ತು. ಕಾರ್ಖಾನೆಯ ಯಂತ್ರ ತಿರುಗಿಸುವ ಪಟ್ಟಾಕ್ಕೆ ಒಂದು ಕಡೆ ಜೋಡಣೆ ಇತ್ತಂತೆ. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಏಳು ಪೆಟ್ಟು ಹೊಡೆದು, ಎಂಟನೆಯದು ಪೂರ್ತಿಯಾಗುವ ಮೊದಲೇ ಎಗರುತ್ತಿತ್ತಂತೆ. ಅದನ್ನೇ ಕೇಳಿ ಕೇಳಿ ಏಳೂವರೆ ಮಾತ್ರೆಯ ಲಯವೊಂದನ್ನು ಕೂಡಿಸಿದರು. ನಮ್ಮಜ್ಜಿಯ ಜೋಗುಳವನ್ನು ಅದರಲ್ಲಿ ಕೂರಿಸಿ ನಾವಿಬ್ಬರೂ ಹಾಡಿ ನೋಡುತ್ತಿದ್ದೆವು.

ಅಭಯ ಅದನ್ನು ಕೇಳಿದ್ದು ಆಕಸ್ಮಿಕ. ಮುಂಬೈಯಲ್ಲಿ ಗಿಟಾರ್ ನುಡಿಸುವ ಅವನು ತನ್ನ ಅಜ್ಜಿಯನ್ನು ನೋಡಲು ನಮ್ಮ ಓಣಿಗೆ ಬಂದಿದ್ದ. ಕಿಟಕಿಯ ಆಚೆ ನಿಂತು ಪೂರ್ತಿ ಕೇಳಿ, ಒಳಗೆ ಬಂದು ಕೂತ. ದೇಶದ ದೊಡ್ಡ ದೊಡ್ಡ ವಾದ್ಯಗಾರರನ್ನು ಒಂದೇ ಸಂಜೆಗೆ ಸೇರಿಸಿ ಜಾಝ್ ಫ್ಯೂಷನ್ ಕಛೇರಿ ಮಾಡುತ್ತೇನೆ, ಅಲ್ಲೇ ಜನರ ಎದುರಿಗೇ ರೆಕಾರ್ಡ್ ಮಾಡುತ್ತೇನೆ, ನೀವಿಬ್ಬರೂ ಬರಬೇಕು ಎಂದ. ಮಜೀದಭಾಯಿ ಗಂಭೀರವಾಗಿ ಕೇಳಿದರು: "ಜಾಝ್ ಅಂದ್ರ ಏನ್ರಿ, ಜಹಾಜ್ ಏನು? ನಮಗ ಈಜು ಬರಂಗಿಲ್ಲ ನೋಡ್ರಿ." ಅಭಯ ಹೊಟ್ಟೆ ಹಿಡಿದುಕೊಂಡು ನಕ್ಕ. ಹೋಗುವ ಮೊದಲೇ ಆ ಕಛೇರಿಗೆ 'ಸಾಡೇಸಾತ್', ಅಂದರೆ ಏಳೂವರೆ, ಎಂದು ಹೆಸರಿಟ್ಟ.

ಹೊರಡುವ ದಿನ ವಾಡಿ ಸ್ಟೇಷನ್ನಿಗೆ ನೀನೂ ಬಂದಿದ್ದೆಯಂತೆ. ಮಜೀದಭಾಯಿ ಹೇಳಿದರು. ಹದಿನೈದು ದಿನದಿಂದ ಅವರಿಗೆ ಸುಸ್ತಿದೆ, ಹೊತ್ತಿಗೆ ಸರಿಯಾಗಿ ಉಣಿಸು ಎಂದು ನನಗೊಂದು ಚೀಟಿ ಕಳಿಸಿದ್ದೆ. ಓದಿ ಪರ್ಸಿನಲ್ಲಿ ಇಟ್ಟುಕೊಂಡೆ. ಆಗ ನನ್ನ ತಲೆಯಲ್ಲಿ ಹಾಡು ಬಿಟ್ಟರೆ ಬೇರೇನೂ ಇರಲಿಲ್ಲ ಹಮೀದಾ. ಮೂವತ್ತನಾಲ್ಕು ವರ್ಷದವಳು. ಶಾಲೆಯಲ್ಲಿ ಪ್ರಾರ್ಥನೆ ಕಲಿಸುತ್ತ ಮುದುಕಿಯಾಗುತ್ತೇನೆ ಎಂಬ ಹೆದರಿಕೆ ಒಳಗೇ ಕೊರೆಯುತ್ತಿತ್ತು.

ಅದು ತೊಂಬತ್ತೊಂಬತ್ತರ ಜನವರಿ ಇಪ್ಪತ್ನಾಲ್ಕು, ಭಾನುವಾರ ಸಂಜೆ. ಸ್ಯಾಕ್ಸೊಫೋನ್, ಡ್ರಮ್ಸ್, ಬಾಸ್ ಗಿಟಾರ್, ಕೀಬೋರ್ಡ್, ಅಭಯನ ಗಿಟಾರ್. ಒಬ್ಬೊಬ್ಬರೇ ಒಂದೊಂದು ಸಭಾಂಗಣ ತುಂಬಿಸಬಲ್ಲವರು. ಭಿತ್ತಿಪತ್ರದಲ್ಲಿ ಅವರ ಹೆಸರುಗಳು ದೊಡ್ಡವು. ನಮ್ಮವು ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕು. ಆದರೆ ತಾಲೀಮಿನ ಹೊತ್ತಿಗೆ ಸ್ಯಾಕ್ಸೊಫೋನಿನ ಹಿರಿಯರು ಮಜೀದಭಾಯಿಯ ಎದುರಿಗೆ ನೆಲದ ಮೇಲೆ ಕೂತು, ಆ ಏಳೂವರೆಯನ್ನು ಮೂರು ಸಲ ಹೇಳಿಸಿಕೊಂಡು ಕಲಿತರು. ಇದನ್ನು ನೀನು ತಿಳಿದಿರಬೇಕು. ಅಂದು ನಿನ್ನ ಗಂಡ ಯಾರ ಕೆಳಗೂ ಇರಲಿಲ್ಲ.

ನಮ್ಮದು ಕೊನೆಯ ಹಾಡು. ಏಳು ನಿಮಿಷ ಎಲ್ಲವೂ ಹೂವು ಎತ್ತಿದಂತೆ ನಡೆಯಿತು. ಸ್ಯಾಕ್ಸೊಫೋನ್ ಒಂದು ಸುತ್ತು ಮುಗಿಸಿ ನಮ್ಮ ಕಡೆ ತಿರುಗಿತು. ನಾನೂ ತಬಲಾವೂ ಒಟ್ಟಿಗೆ ಸಮ್‌ಗೆ, ಅಂದರೆ ಆವರ್ತನದ ಮೊದಲ ಪೆಟ್ಟಿಗೆ, ಬಂದು ಇಳಿಯಬೇಕು. ಆಗ ತಬಲಾ ನಿಂತಿತು.

ತಿರುಗಿ ನೋಡಿದೆ. ಮುಖವೆಲ್ಲ ಬೆವರು. ಎಡಗೈ, ಜೋಡಿಯ ಎಡಗಡೆಯ ಡಗ್ಗಾದ ಮೇಲಿನಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ತುಟಿ ಮಾತ್ರ ಅಲ್ಲಾಡಿತು: "ಆಗವಲ್ದು, ತಂಗಿ."

ಉಳಿದವರೆಲ್ಲ ಇದು ನಾವು ಗುಟ್ಟಾಗಿ ಹೂಡಿದ ಆಟ ಎಂದುಕೊಂಡು ತಮ್ಮ ವಾದ್ಯಗಳನ್ನು ತಡೆದು ಹಿಡಿದರು. ಸಭೆ ಉಸಿರು ಬಿಗಿಹಿಡಿದು ಕೂತಿತು. ನಾನು ಕೈ ಎತ್ತಿ ನಿಲ್ಲಿಸಬಹುದಿತ್ತು. ಎದ್ದು ಅವರ ಹತ್ತಿರ ಹೋಗಬಹುದಿತ್ತು. ನಾನು ಬಲಗೈ ಎತ್ತಿ, ಅವರ ಕಣ್ಣು ನೋಡುತ್ತಲೇ, ತೊಡೆಯ ಮೇಲೆ ಸಮ್ ಬಡಿದು ತೋರಿಸಿದೆ. ಬಾ ಎಂದು. ಅವರು ಬಂದರು. ಉಳಿದ ಆರು ನಿಮಿಷ ಬಲಗೈ ಒಂದರಿಂದಲೇ ಬಾರಿಸಿದರು.

ಆ ಮೌನ ಹನ್ನೊಂದು ಸೆಕೆಂಡು. ಅಳತೆ ಮಾಡಿದವರು ಬೇರೆಯವರು, ಅದರ ಬಗ್ಗೆ ಲೇಖನ ಬರೆದವರು. ಡಗ್ಗಾವನ್ನು ತ್ಯಜಿಸಿ ಲಯವನ್ನು ಗಾಳಿಯಲ್ಲಿ ತೇಲಿಬಿಟ್ಟ ಕಲಾವಿದ ಎಂದು ಹೊಗಳಿದ್ದಾರೆ. ಕ್ಯಾಸೆಟ್ಟಿನಲ್ಲಿ ಗಮನವಿಟ್ಟು ಕೇಳಿದರೆ ಆ ಮೌನದ ಕೊನೆಗೆ ಗಾಜಿನ ಬಳೆಗಳ ಸದ್ದಿದೆ. ಬಹಳ ಸಣ್ಣದು. ಸಭೆಯಲ್ಲಿ ಯಾರೋ ಹೆಂಗಸು ಕೈ ಸರಿಸಿರಬೇಕು ಎಂದು ಒಬ್ಬರು ಬರೆದಿದ್ದಾರೆ. ಅದು ನನ್ನ ಕೈ. ನಾನು ಅವರನ್ನು ಕರೆದ ಸದ್ದು ಅದು.

ಅಂದಿನಿಂದ ನಾನು ಗಾಜಿನ ಬಳೆ ತೊಡುತ್ತಿಲ್ಲ. ಆದರೂ ಆ ಹನ್ನೊಂದು ಸೆಕೆಂಡು ನನ್ನನ್ನು ಹುಡುಕಿಕೊಂಡು ಬರುತ್ತದೆ. ಕರೆಂಟು ಹೋಗಿ ಪಂಖಾದ ಸದ್ದು ಅಡಗಿದಾಗ ಬರುತ್ತದೆ. ತರಗತಿಯಲ್ಲಿ ಹುಡುಗಿಯರು ತಾಳ ತಪ್ಪಿ, ಈಗ ಏನು ಎಂದು ನನ್ನ ಮುಖ ನೋಡಿದಾಗ ಬರುತ್ತದೆ. ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆ ಚಿಂಚೋಳಿಗೆ ಹೋಗಿದ್ದೆ. ಅಲ್ಲಿಯ ಮುಖ್ಯೋಪಾಧ್ಯಾಯರು ನಮ್ಮ ಭಾಗದವರ ಕ್ಯಾಸೆಟ್ಟು ಎಂದು ಅಭಿಮಾನದಿಂದ, ನನ್ನ ಎದುರಿಗೇ ಹಚ್ಚಿದರು. ಏಳನೆಯ ನಿಮಿಷಕ್ಕೆ ಎದ್ದು ಅಂಗಳಕ್ಕೆ ಹೋದೆ. ಅಲ್ಲಿ ನಿಂತು, ಯಾರೋ ಹೇಳಿಕೊಟ್ಟಂತೆ, ತುಟಿಯಲ್ಲೇ ಹನ್ನೊಂದು ಎಣಿಸಿದೆ. ಸರಿಯಾಗಿ ಹನ್ನೊಂದಕ್ಕೆ ಒಳಗೆ ಅವರ ಬಲಗೈ ಎದ್ದಿತು. ನಾನು ಎಣಿಸುವುದನ್ನು ನಿಲ್ಲಿಸಿದರೆ ಅದು ಏಳುವುದಿಲ್ಲವೇನೋ ಎಂದು ಈಗಲೂ ಅನಿಸುತ್ತದೆ. ಕಛೇರಿಗೆ ಕರೆದವರಿಗೆಲ್ಲ ಗಂಟಲು ಕೆಟ್ಟಿದೆ ಎಂದು ಹೇಳುತ್ತೇನೆ. ಗಂಟಲು ಚೆನ್ನಾಗಿಯೇ ಇದೆ.

ಕಛೇರಿ ಮುಗಿದ ಮೇಲೆ ಅವರು ಸೋಡಾ ಕುಡಿದರು. ಹೊಟ್ಟೆಯ ಉಬ್ಬರ, ಇನ್ನೇನಿಲ್ಲ ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದು ಅಭಯ ಅಂದ, ಅವರು ಬೇಡವೆಂದರು. ನಾನು ಒತ್ತಾಯ ಮಾಡಲಿಲ್ಲ. ಜನ ನನ್ನನ್ನು ಸುತ್ತಿಕೊಂಡಿದ್ದರು. ಮುಂಜಾನೆ ರೈಲು ಹತ್ತಿದೆವು. ತಾಂಡೂರು ದಾಟಿದ ಮೇಲೆ ಏನಾಯಿತೆಂಬುದನ್ನು ನಿನಗೆ ಆಗಲೇ ಹೇಳಿದ್ದೇನೆ: ನನ್ನ ಕೈ ಹಿಡಿದರು, ನಿನ್ನ ಹೆಸರು ತೆಗೆದರು, ಕಣ್ಣು ಮುಚ್ಚಿದರು. ಸೇಡಂ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಮಳಖೇಡ, ಚಿತ್ತಾಪುರ, ವಾಡಿ ಹಾಯ್ದು ಜೀಪಿನಲ್ಲಿ ನಿಮ್ಮ ಮನೆಗೆ ತಂದೆ. ನೀನು ಬಾಗಿಲಲ್ಲಿ ನಿಂತು ಒಂದೇ ಮಾತು ಅಂದೆ: "ನೀ ಕರ್ಕೊಂಡು ಹೋದಿ. ನೀನೇ ತಂದಿ." ಆಮೇಲೆ ಈ ಪತ್ರದವರೆಗೆ ನಿನ್ನ ದನಿ ಕೇಳಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊನ್ನೆ ನಿನ್ನ ಪತ್ರ ಓದಿದ ಮೇಲೆ ಅಭಯನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು, ಆ ಮೌನವೇ ಈ ಧ್ವನಿಮುದ್ರಿಕೆಯ ಜೀವ, ಅದನ್ನು ನೋವು ಎಂದು ಬರೆದರೆ ಯಾರು ಕೇಳಬಲ್ಲರು ಎಂದ. ಅದನ್ನು ತೀರ್ಮಾನಿಸಬೇಕಾದವಳು ಹಮೀದಾ, ನಾನೂ ಅಲ್ಲ ನೀನೂ ಅಲ್ಲ ಎಂದು ಅವನಿಗೆ ಹೇಳಿದೆ. ಕೊನೆಗೆ ಒಪ್ಪಿದ. ನೀನು ಹೇಳುವತನಕ ಮುದ್ರಣ ನಿಲ್ಲಿಸಿದ್ದಾನೆ. ಫೋಟೊ ಕೊಡುವುದು ಬಿಡುವುದು ನಿನಗೆ ಸೇರಿದ್ದು. ಹಾಡನ್ನೇ ತೆಗೆ ಎಂದರೆ ತೆಗೆಯುತ್ತಾನೆ. ನಿಜ ಬರೆಯಿರಿ ಎಂದರೆ ನನ್ನ ಹೆಸರಿನಲ್ಲೇ ಬರೆದುಕೊಡುತ್ತೇನೆ, ಬಳೆಯ ಸದ್ದಿನ ಸಮೇತ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಅದನ್ನು ಕೊಡುವ ಭಾರವನ್ನೂ ನಿನ್ನ ತಲೆಗೆ ಹೊರಿಸಿದಂತಾಗುತ್ತದೆ. ಅವರು ಹೇಗೆ ಬಾರಿಸುತ್ತಿದ್ದರೆಂದು ಮಕ್ಕಳು ಕೇಳಿದರೆ ಮೊದಲ ಏಳು ನಿಮಿಷವನ್ನಾದರೂ ಕೇಳಿಸು. ಅದರಲ್ಲಿ ಯಾರ ತಪ್ಪೂ ಇಲ್ಲ.

ನೀನು ಉತ್ತರ ಬರೆಯದಿದ್ದರೂ ನಿನ್ನ ಬೆಂಚಿನವಳೇ ಆದ,
ಪ್ರಮಿತಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ರೈಲಿನಲ್ಲಿ ಮಜೀದಭಾಯಿ ನನ್ನ ಕೈ ಹಿಡಿಯಲಿಲ್ಲ. ನಿನ್ನ ಹೆಸರು ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಹೊರಡುವಾಗ ಅಭಯ ಹಿಂದಿನ ಸಂಜೆಯ ಹಾಡನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿ, ತನ್ನ ವಾಕ್‌ಮನ್ ಸಮೇತ ಕೊಟ್ಟಿದ್ದ. ದಾರಿಯುದ್ದಕ್ಕೂ ಅದನ್ನು ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನನ್ನ ದನಿಯನ್ನೇ ಮತ್ತೆ ಮತ್ತೆ ಕೇಳುತ್ತ ಕೂತಿದ್ದೆ. ತಾಂಡೂರಿನ ಆಚೆ, ಆ ಮೌನ ಮುಗಿದು ಅವರ ಬಲಗೈ ಎದ್ದಾಗ, ಶಹಬ್ಬಾಸ್ ಅನ್ನಬೇಕೆಂದು ಕಣ್ಣು ತೆರೆದೆ. ಅವರು ಎದುರಿನ ಸೀಟಿನಲ್ಲಿ ಕಿಟಕಿಗೆ ಒರಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟು ಹೊತ್ತಾಗಿತ್ತೋ, ನನ್ನನ್ನು ಕರೆದಿದ್ದರೋ ಏನೋ. ನನ್ನ ಕಿವಿಯಲ್ಲಿ ಅವರಿನ್ನೂ ಬಾರಿಸುತ್ತಿದ್ದರು.