ಹಂದಿಗೆ ನೀನಿಟ್ಟ ಹೆಸರು

ಪೆರಂಬೂರು, ಚೆನ್ನೈ
೧೨-೧೧-೨೦೨೪

ನನ್ನ ಬಾಯಿಬಡುಕಿ ಮೌನಾಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದ. ಫೋನಿನಲ್ಲಾದರೆ ಬೈದು ಕಟ್ ಮಾಡಿಬಿಡುತ್ತೇನೆ, ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪು ಹುಡುಕಬೇಡ.

ದೀಪಾವಳಿ ದಿನ ನಾನು ಕಜ್ಜಾಯ ತಿನ್ನುತ್ತಿದ್ದಾಗ, ನನ್ನ ನಾದಿನಿ ವಿಮಲಾಳ ಎದುರಿಗೇ, ‘ಲ್ಯಾಬಿನಲ್ಲಿ ನಾನು ಹಂದಿಗಳಿಗೆ ಹಾಕೋದೂ ಇದನ್ನೇ ಅಮ್ಮಾ, ಎಣ್ಣೆ, ಸಕ್ಕರೆ’ ಅಂದೆಯಲ್ಲ? ವಿಮಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೆತ್ತವಳನ್ನು ಹಂದಿ ಅಂದವಳು ಮನೆಗೆ ಬರಬೇಡ ಅಂದೆ ನಾನು. ನೀನೂ ಹಾಸ್ಟೆಲು ಬಿಟ್ಟು ಬರಲಿಲ್ಲ. ಹಟದಲ್ಲಿ ನನ್ನ ಮಗಳೇ.

ಅವತ್ತು ನಾನು ಮೆಟ್ಟಿಲ ಮೇಲೆ ಕೂತದ್ದನ್ನೂ ನೀನು ದೊಡ್ಡದು ಮಾಡಿದೆ. ಚಪ್ಪಲಿಯ ಬಾರು ಸಡಿಲವಾಗಿತ್ತು, ಅಷ್ಟೇ.

ನಿನ್ನೆ ನಿನ್ನ ಲ್ಯಾಬಿಗೇ ಬಂದಿದ್ದೆ. ಮಣಲಿ ದಾಟಿ, ಆ ಎಣ್ಣೆ ಕಂಪನಿಗಳ ಹೊಗೆ ಕುಡಿದುಕೊಂಡು. ಎಲ್ಲರ ಮುಂದೆ ನಿನಗೆ ನಾಲ್ಕು ಬಾರಿಸಬೇಕು ಅಂತ. ಕೈಯಲ್ಲಿ ಕಜ್ಜಾಯದ ಡಬ್ಬಿಯೂ ಇತ್ತು, ಬಾರಿಸಿದ ಮೇಲೆ ಕೊಡಲು. ನೀನು ಮೀಟಿಂಗಿನಲ್ಲಿದ್ದೆ. ವಾಚ್‌ಮನ್ ‘ಉಕ್ಕಾರುಂಗಮ್ಮಾ’ ಅಂತ ಕುರ್ಚಿ ಕೊಟ್ಟ. ಹಂದಿ ನೋಡಿಕೊಳ್ಳುವ ಐತ ಅನ್ನುವವನು, ಅವನೂ ಕನ್ನಡದವನೇ, ನನ್ನ ಮಾತು ಕೇಳಿ ಖುಷಿಯಾಗಿ, ತಂತಿಬಲೆಯ ಆಚೆಯಿಂದ ದೊಡ್ಡಿ ತೋರಿಸಿದ. ನಾನು ಯಾರೆಂದು ಹೇಳಲಿಲ್ಲ.

ಒಂದು ಕಡೆ ಸಾದಾ ಮೇವಿನವು, ಓಡಾಡಿಕೊಂಡಿದ್ದವು. ಇನ್ನೊಂದು ಕಡೆ ನಿನ್ನ ಎಣ್ಣೆ-ಸಕ್ಕರೆಯವು. ತಿಂದೂ ತಿಂದೂ ಹೊಟ್ಟೆ, ಬಿ.ಪಿ., ಶುಗರ್ ಎಲ್ಲ ಒಟ್ಟಿಗೆ ಹೇಗೆ ಏರುತ್ತವೆ ಅಂತ ನೋಡುತ್ತೀರಂತೆ. ಅದರಲ್ಲೊಬ್ಬಳು ಡಬ್ಬಿಯ ವಾಸನೆ ಹಿಡಿದು ನನ್ನ ಕಡೆ ಹೊರಟಳು. ಅರ್ಧ ದಾರಿಗೇ ಏದುಸಿರು ಬಿಡುತ್ತಾ ಕುಸಿದು ಕೂತಳು. ಅಯ್ಯೋ ಪಾಪ ಅನ್ನಿಸಿ ಒಂದು ಕಜ್ಜಾಯ ತೆಗೆದೆ. ಐತ ಅಡ್ಡ ಬಂದ. ‘ಬೇಡ ಅಮ್ಮ, ಹೊರಗಿನದ್ದು ಒಂದು ತುಂಡು ಕೊಟ್ರೂ ಮೇಡಮಿನ ಪ್ರಯೋಗ ಇಡೀ ಹಾಳು. ಇವಳು ಸಾಕಮ್ಮ ಅಂತ. ಮೇಡಮೇ ಇಟ್ಟ ಹೆಸರು ಮಾರಾಯ್ರೆ’ ಅಂದ.

ನನ್ನ ಹೆಸರು! ಡಬ್ಬಿಯನ್ನು ಅವನ ತಲೆಗೇ ಎಸೆಯುವವಳಿದ್ದೆ. ಅವನು ತನ್ನ ಪಾಡಿಗೆ ಹೇಳುತ್ತಲೇ ಇದ್ದ. ಉಳಿದವಕ್ಕೆ ನಂಬರು ಮಾತ್ರವಂತೆ. ಕೆಲಸ ಮುಗಿದ ಮೇಲೂ ನೀನು ಇವಳ ಪಕ್ಕ ಕೂತು, ಕಿವಿ ತುರಿಸಿ, ‘ಏಳಮ್ಮಾ, ಸ್ವಲ್ಪ ನಡಿಯಮ್ಮಾ’ ಅಂತೀಯಂತೆ. ಕೊನೆಗೆ ಇವುಗಳನ್ನು ಏನು ಮಾಡುತ್ತೀರಿ ಅಂತ ನಾನು ಕೇಳಿದೆ. ಸಾಯಿಸಿ, ಹೃದಯ ಕೊಯ್ದು ನೋಡುವುದು ಅಂದ. ಆ ದಿನ ನೆನೆಸಿಕೊಂಡು ಮೇಡಂ ಈಗಲೇ ಅಳುತ್ತಾರೆ ಅಂದ.

ಅಳುಮುಂಜಿ. ನನ್ನ ಮುಂದೆ ಬಾಯಿ ಜೋರು, ಹಂದಿಯ ಮುಂದೆ ಕಣ್ಣೀರು.

ಅವಳು ಪಾಪ, ನೀವು ಹಾಕಿದ್ದನ್ನೇ ತಿನ್ನಬೇಕು. ನನಗೇನು ದಾಡಿ? ಡಬ್ಬಿಯನ್ನು ಐತನಿಗೇ ಕೊಟ್ಟು ಬಂದೆ. ಶನಿವಾರ ಬಾ. ರಕ್ತ ಪರೀಕ್ಷೆ, ರಕ್ತ ಪರೀಕ್ಷೆ ಅಂತ ಪ್ರಾಣ ತಿನ್ನುತ್ತಿದ್ದೆಯಲ್ಲ, ಹೋಗೋಣ. ಡಾಕ್ಟರ ಮುಂದೆ ಹಂದಿ ಗಿಂದಿ ಅಂದೆಯೋ, ಅಲ್ಲೇ ಚಪ್ಪಲಿ ತೆಗೆಯುತ್ತೇನೆ.

ಇಂತಿ,
ನಿನ್ನ ಎರಡು ಕಾಲಿನ ಸಾಕಮ್ಮ

ಮರೆತಿದ್ದೆ: ಚಪ್ಪಲಿಯ ಬಾರು ಗಟ್ಟಿಯಾಗೇ ಇತ್ತು. ಉಸಿರು ಸಿಗಲಿಲ್ಲ, ಅದಕ್ಕೇ ಕೂತೆ. ಶನಿವಾರ ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೋ. ವಿಮಲಾ ನೋಡಿದರೂ ಪರವಾಗಿಲ್ಲ.