ಹೆಣ್ಣಿಗೆ ಬೆಲೆಯಿಲ್ಲ

ಮಾರ್ಚ್ 3, ಮಂಗಳವಾರ

ಇವತ್ತೂ ವ್ಯಾನಿನಲ್ಲಿ ಮಡಿಲ ಮೇಲೆ ಯಾರದೋ ಕೋಳಿ. ಇಳಿಯಬೇಕೆಂದು ನಾಣ್ಯದಿಂದ ಕಂಬಿ ತಟ್ಟಿದ್ದೇ ತಟ್ಟಿದ್ದು, ಹಾಡಿನ ಅಬ್ಬರದಲ್ಲಿ ಡ್ರೈವರನಿಗೆ ಕೇಳಿಸಲೇ ಇಲ್ಲ. ಅಷ್ಟು ದೂರ ಹೋಗಿ ನಡೆದು ವಾಪಸ್ ಬಂದೆ. ಆಫೀಸಿಗೆ ಲೇಟು. ಎರ್ಮಿನಿಯಾ ಅಕ್ಕ ಗಡಿಯಾರ ನೋಡಿದಳು ಅಷ್ಟೆ. ನಮ್ಮ ಮಹಿಳಾ ಸಂಸ್ಥೆಗೆ ಅವಳೇ ಮುಖ್ಯಸ್ಥೆ. ಬೈದಿದ್ದರೆ ವಾಸಿಯಿತ್ತು.

ಎಂಟನೆಯ ಕಲಮಿನವರೆಗೆ ಮುಗಿಸಿದೆ. ರಾಷ್ಟ್ರೀಯ ಲಿಂಗ ಸಮಾನತಾ ನೀತಿ — ಹೆಸರೇ ಬಾಯಿತುಂಬ. ಕರಡು ಬರೆದವರು ಪೋರ್ಚುಗೀಸಿನಲ್ಲಿ ಬರೆದು ಕೈ ತೊಳೆದುಕೊಂಡರು. ಜನ ಆಡುವ ತೇತುಮ್‌ಗೆ ತರುವ ಕರ್ಮ ನನ್ನದು.

ನಾಳೆ ಒಂಬತ್ತನೆಯ ಕಲಮು. ನನ್ನ ಒಂಬತ್ತು. ಗಂಡಿನ ಕಡೆಯವರು ಮದುವೆಗೆ ಕೊಡುವ ಬಾರ್ಲಾಕೆ — ಎಮ್ಮೆ, ಕುದುರೆ, ಏನೇ ಇರಲಿ — ಅದು ಹೆಣ್ಣಿನ ಕ್ರಯವಲ್ಲ. ಹೊಡೆತ ತಾಳದೆ ಅವಳು ತವರಿಗೆ ಬಂದರೆ ಅದನ್ನು ವಾಪಸ್ ಕೇಳುವಂತಿಲ್ಲ. ಇದಿಷ್ಟು ಸೇರಿಸಿ ಎಂದು ಕಳೆದ ವರ್ಷವೆಲ್ಲ ಎಲ್ಲರ ಪ್ರಾಣ ತಿಂದಿದ್ದೇನೆ. ಯಾಕೆಂದು ಎರ್ಮಿನಿಯಾ ಅಕ್ಕನಿಗೆ ಗೊತ್ತು. ಬೇರೆಯವರಿಗೆ ಹೇಳಿಲ್ಲ.

ಮಾರ್ಚ್ 8, ಭಾನುವಾರ

ಮಹಿಳಾ ದಿನ. ರಾಜಧಾನಿ ದಿಲಿಯ ಸಮುದ್ರದ ದಂಡೆಯ ರಸ್ತೆಯಲ್ಲಿ ಮೆರವಣಿಗೆ. ಎಲ್ಲರಿಗೂ ಒಂದೇ ಅಳತೆಯ ನೇರಳೆ ಟೀಶರ್ಟು — ನನ್ನದು ಮೊಣಕಾಲಿನವರೆಗೆ. ಮಂತ್ರಿಗಳು ಬಂದರು, ಹೂ ಕೊಟ್ಟರು, ಹೋದರು.

ಮಧ್ಯಾಹ್ನ ಜುವಿತಾ ಫೋನ್ ಮಾಡಿದಳು. ತಂಗಿ. ಐನಾರೋ ಬೆಟ್ಟದ ಮೇಲೆ ಗಂಡನ ಮನೆ. ಗಂಡ ಮಾರ್ಸಾಲ್ ಹಿತ್ತಲಿನಲ್ಲಿದ್ದಾನಂತೆ, ಮೆಲ್ಲಗೆ ಮಾತಾಡಿದಳು. ಈ ಸಲ ಏಟು ಕಿವಿಗೆ. ಎಡಗಿವಿಯಲ್ಲಿ ಗುಂಯ್ ಅನ್ನುತ್ತಿದೆಯಂತೆ, ಅದಕ್ಕೇ ಫೋನು ಬಲಗಡೆ ಹಿಡಿದಿದ್ದೀನಿ ಅಂದಳು, ತಮಾಷೆಯ ಹಾಗೆ.

ಬಾ ಅಂದೆ. ಮಗುವನ್ನು ಎತ್ತಿಕೊಂಡು ಇವತ್ತೇ ಬಾ, ದಿಲಿಯಲ್ಲಿ ನನ್ನ ಕೋಣೆ ಇದೆ. ಒಪ್ಪಲಿಲ್ಲ. ಹಾಗೆ ಓಡಿಬಂದರೆ ಗಂಡನ ಕಡೆಯವರು ನೆಟ್ಟಗೆ ನಮ್ಮ ದೊಡ್ಡಪ್ಪನ ಅಂಗಳಕ್ಕೆ ಬಂದು ಎಮ್ಮೆ ಕೇಳುತ್ತಾರೆ. ಎಮ್ಮೆ ಎಲ್ಲಿವೆ? ಕುಲದ ಮನೆ ಹೊಸದಾಗಿ ಕಟ್ಟಿದಾಗ ಕಡಿದು ಉಂಡಾಯಿತು. ಕೊಂಬು ಮಾತ್ರ ಕಂಬಕ್ಕೆ ಕಟ್ಟಿವೆ. ಎಮ್ಮೆ ಇಲ್ಲದಿದ್ದರೆ ಮಗು ಬಿಟ್ಟುಹೋಗು ಅನ್ನುತ್ತಾರೆ. ಆ ಒಂದು ಮಾತಿಗೇ ಅವಳು ಅಲ್ಲಿ ಕೂತಿದ್ದಾಳೆ.

"ನಿನ್ನ ಕಾಗದ ಯಾವಾಗ ಪಾಸಾಗುತ್ತೆ ಅಕ್ಕ? ಪಾಸಾದ ದಿನವೇ ಹೊರಡ್ತೀನಿ. ಆಗ ಯಾರೂ ಕೇಳೋ ಹಾಗಿಲ್ಲ ಅಲ್ವಾ?"

ಇನ್ನೇನು, ಅಂದೆ. ಈಸ್ಟರ್ ಕಳೆದ ಮೇಲೆ.

ಮಾರ್ಚ್ 11, ಬುಧವಾರ

ಒಂಬತ್ತು ಮುಗಿಯಿತು. ಪೋರ್ಚುಗೀಸಿನಲ್ಲಿ ಸಾಲುಗಟ್ಟಲೆ ಸುತ್ತಿ ಬಳಸಿ ಹೇಳಿದ್ದನ್ನು ಮೂರೇ ಪದಕ್ಕೆ ಇಳಿಸಿದೆ, ಉಳಿದದ್ದು ಅದರ ಕೆಳಗೆ ವಿವರ. ಹೆಣ್ಣು ಮಾರಾಟಕ್ಕಿಲ್ಲ, ಅವಳಿಗೆ ಬೆಲೆ ಕಟ್ಟುವ ಹಾಗಿಲ್ಲ — ಅದೇ ಅರ್ಥ. ಓದಿ ನೋಡಿ ಹೆಮ್ಮೆಯಾಯಿತು. ಸಂಜೆ ಆಫೀಸಿನ ಎದುರಿನ ಗಾಡಿಯಲ್ಲಿ ಸುಟ್ಟ ಮೀನು ತಿಂದೆ, ಖಾರದ ಚಟ್ನಿ ಎರಡು ಸಲ ಹಾಕಿಸಿಕೊಂಡೆ.

ಮಾರ್ಚ್ 19, ಗುರುವಾರ

ಬರೆಯಲೇಬೇಕು.

ಬೆಟ್ಟದ ಪೇಟೆಯಲ್ಲಿ ಜನಾಭಿಪ್ರಾಯದ ಸಭೆ. ಹಾಲ್ ತುಂಬ ಹೆಂಗಸರು, ತಾವೇ ನೇಯ್ದ ಒಳ್ಳೆಯ ತಾಯಿಸ್ ಸುತ್ತಿಕೊಂಡು, ವೀಳ್ಯ ಜಗಿಯುತ್ತ. ನೀತಿಯನ್ನು ಪರಿಶೀಲಿಸುವ ಸಂಸತ್ತಿನ ಸಮಿತಿಯ ಸದಸ್ಯ ಬಾಲ್ತಜಾರ್ ಕೂಡ ಬಂದಿದ್ದರು, ಮುಂದಿನ ಸಾಲು. ಎಂಟು ಕಲಮು ಓದಿದೆ, ತಲೆಯಾಡಿಸಿದರು. ಒಂಬತ್ತು ಓದಿದೆ. ಮೂರು ಪದ ಗಟ್ಟಿಯಾಗಿ, ಬಿಡಿಸಿ ಬಿಡಿಸಿ: ಹೆಣ್ಣಿಗೆ ಬೆಲೆ ಇಲ್ಲ.

ಜಗಿಯುವುದು ನಿಂತಿತು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದಳು. ಸಣ್ಣ ಆಳು, ಬಾಯೆಲ್ಲ ಕೆಂಪು.

"ಏನಂದೆ ಮಗಳೇ? ನನಗೆ ಬೆಲೆ ಇಲ್ಲವಾ? ನನ್ನ ಕರೆದುಕೊಂಡು ಹೋಗೋಕೆ ಎಮ್ಮೆ ಹಿಂಡೇ ಬಂದಿತ್ತು ನಮ್ಮಪ್ಪನ ಅಂಗಳಕ್ಕೆ. ದಿಲಿಯಿಂದ ಗಾಡಿ ಮಾಡಿಕೊಂಡು ಬಂದು, ನೀನು ಬಿಟ್ಟಿ ಅಂತ ಹೇಳ್ತಿದೀಯಲ್ಲ."

ಆಗ ಕಿವಿಗೆ ಬಿತ್ತು, ನನ್ನದೇ ಮಾತು. ಪೋರ್ಚುಗೀಸಿನಲ್ಲಿ ಎರಡು ಶಬ್ದ: ಸಂತೆಯ ಬೆಲೆಗೆ ಒಂದು, ಮನುಷ್ಯರ ಬೆಲೆಗೆ ಒಂದು. ನಮಗೆ ಎರಡಕ್ಕೂ ಒಂದೇ — ಫೋಲಿನ್. ಹುಟ್ಟಿದಾಗಿನಿಂದ ಆಡಿದ ಮಾತು. ಪುಸ್ತಕದ ಮೇಲೆ ಕಣ್ಣಿಟ್ಟು ನನ್ನ ನಾಲಗೆಯನ್ನೇ ಮರೆತಿದ್ದೆ.

ಅಲ್ಲ ಅಜ್ಜಿ, ಹಾಗಲ್ಲ, ಎಂದು ಶುರುಮಾಡುವಷ್ಟರಲ್ಲಿ ಹೆಂಗಸರು ಏಳತೊಡಗಿದ್ದರು. ಬಾಲ್ತಜಾರ್ ನಗಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ನಕ್ಕಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮಾರ್ಚ್ 21, ಶನಿವಾರ

ರೇಡಿಯೊದಲ್ಲಿ ಬಾಲ್ತಜಾರ್. ನಮ್ಮ ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ಬೆಲೆಯಿಲ್ಲ ಎಂದು ಓದಿದ ಹೆಂಗಸರು ಹಕ್ಕಿನ ಪಾಠ ಹೇಳುತ್ತಿದ್ದಾರೆ ಎಂದರು. ಸಮಾಧಾನವಾಗಿ, ನೊಂದವರ ದನಿಯಲ್ಲಿ. ತರಕಾರಿ ಅಂಗಡಿಯವಳು ಸೊಪ್ಪು ಕಟ್ಟುತ್ತ ನನ್ನನ್ನೇ ಕೇಳಿದಳು, ಯಾರಂತೆ ಆ ಮೂಳಿ?

ಗೊತ್ತಿಲ್ಲ ಅಂದೆ.

ಮಾರ್ಚ್ 27, ಶುಕ್ರವಾರ

ಜುವಿತಾಗೆ ನಡೆದದ್ದು ಹೇಳಿದೆ. ಅವಳಿಗೆ ಮೊದಲೇ ಗೊತ್ತು. ಅವರ ಮನೆಯಲ್ಲಿ ರೇಡಿಯೊ ಇದೆ — ಭಾವ ಅನ್ಸೆಲ್ಮೊನದು, ಮಾರ್ಸಾಲನ ಅಣ್ಣ, ಸ್ಕೂಲ್ ಮೇಷ್ಟ್ರು. ಆ ಮನೆಯಲ್ಲಿ ಓದಿದವನು ಅವನೊಬ್ಬನೇ. ಯಾರ ಮೇಲೂ ಕೈ ಎತ್ತುವವನಲ್ಲ. ತಮ್ಮ ಕೈ ಎತ್ತಿದಾಗ ರೇಡಿಯೊ ಜೋರು ಮಾಡುವವನು.

ಬೈಯುತ್ತಾಳೆ ಅಂದುಕೊಂಡಿದ್ದೆ. ನಕ್ಕಳು.

"ಒಳ್ಳೇದೇ ಆಯ್ತಲ್ಲ ಅಕ್ಕ. ಬೆಲೆ ಇಲ್ಲದ್ದನ್ನ ಯಾರು ವಾಪಸ್ ಕೇಳ್ತಾರೆ?"

ಫೋನಿಟ್ಟ ಮೇಲೆ ಆಫೀಸಿನ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಅತ್ತೆ.

ಏಪ್ರಿಲ್ 16, ಗುರುವಾರ

ಈಸ್ಟರ್ ಬಂತು, ಹೋಯಿತು. ಬರೆಯಲು ಮನಸ್ಸಿರಲಿಲ್ಲ.

ಒಂಬತ್ತನ್ನು ಕೈಬಿಟ್ಟರು. ಸಮಿತಿಯಲ್ಲಿ ಚರ್ಚೆಯೇ ಇಲ್ಲವಂತೆ. ಪದ್ಧತಿಗೆ ಸಂಬಂಧಿಸಿದ್ದು, ಸೂಕ್ಷ್ಮ, ಮುಂದೆ ನೋಡೋಣ. ಒಂಬತ್ತು ತೆಗೆದರೆ ಉಳಿದದ್ದಕ್ಕೆಲ್ಲ ಬಾಲ್ತಜಾರ್ ಕೈ ಎತ್ತುತ್ತಾರೆ. ಎರ್ಮಿನಿಯಾ ಅಕ್ಕ ಒಪ್ಪಿ ಬಂದಿದ್ದಾಳೆ.

ಜಗಳವಾಡಿದೆ. ಮೇಜು ಕುಟ್ಟಿದೆ. ಮಾತು ತಿದ್ದಿದ್ದೇನೆ, ಬೆಲೆ ಎಂಬ ಶಬ್ದವೇ ಇಲ್ಲ, ಓದಿ ನೋಡು ಎಂದು ಕೈಗೆ ತುರುಕಿದೆ: ಕೊಟ್ಟ ಮೇಲೂ ಮಗಳು ಮಗಳೇ. ತವರಿನ ಬಾಗಿಲು ಅವಳಿಗೆ ಮುಚ್ಚುವ ಹಾಗಿಲ್ಲ, ತೆರೆದದ್ದಕ್ಕೆ ಯಾರೂ ಏನೂ ಕೇಳುವ ಹಾಗಿಲ್ಲ. ಅಕ್ಕ ಓದಿದಳು. ಕಣ್ಣು ಒರೆಸಿಕೊಂಡಳು.

"ಇದನ್ನೇ ಮಾರ್ಚ್‌ನಲ್ಲಿ ಯಾಕೆ ಬರೀಲಿಲ್ಲ ಅಡೆಲಿನಾ?"

ಇಪ್ಪತ್ತು ವರ್ಷದಿಂದ ಈ ನೀತಿಗೆ ಕಾದಿದ್ದೀನಿ, ಒಂದು ಕಲಮಿಗೋಸ್ಕರ ಎಲ್ಲ ಮುಳುಗಿಸಲೇನು ಎಂದು ಕೇಳಿದಳು. ಅವಳೂ ತಪ್ಪಲ್ಲ. ನನಗೆ ಮಾತ್ರ ಆ ಒಂದು ಕಲಮೇ ಎಲ್ಲ.

ಏಪ್ರಿಲ್ 22, ಬುಧವಾರ

ಜುವಿತಾಗೆ ಹೇಳಿಲ್ಲ. ಇನ್ನೂ ಮಂಡನೆಯಾಗಿಲ್ಲ, ಇನ್ನೂ ಯಾರಾದರೂ ಸದಸ್ಯೆಯನ್ನು ಹಿಡಿದು ತಿದ್ದುಪಡಿ ಹಾಕಿಸಬಹುದು. ಮೂವರನ್ನು ಕಂಡೆ. ಒಬ್ಬಳು ಕಾಫಿ ಕೊಟ್ಟಳು. ಒಬ್ಬಳು ತನ್ನ ಮಗಳ ಬಾರ್ಲಾಕೆಯ ಫೋಟೊ ತೋರಿಸಿದಳು. ಇನ್ನೊಬ್ಬಳು ನಾನು ಹೇಳಿದ್ದೆಲ್ಲ ಕೇಳಿ, ನಿನ್ನ ತಂಗಿಗೋ ಎಂದಳು. ಹೌದು ಅಂದೆ. ಪಾಪ ಅಂದಳು. ಅಷ್ಟೆ.

ಮೇ 7, ಗುರುವಾರ, ಸಂಜೆ

ಪಾಸಾಯಿತು.

ಚಪ್ಪಾಳೆ. ಎರ್ಮಿನಿಯಾ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ. ನಾನೂ ಅತ್ತೆ, ಫೋಟೊದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಚ್ಚಾದ ಪ್ರತಿ ಕೊಟ್ಟರು, ಪೋರ್ಚುಗೀಸಿನದು ಮಾತ್ರ. ತೇತುಮ್ ಆಮೇಲಂತೆ. ನಂಬರುಗಳನ್ನು ಸರಿಸಿದ್ದಾರೆ. ಈಗಿನ ಒಂಬತ್ತು ಅಂಕಿಅಂಶ ಸಂಗ್ರಹದ ಬಗ್ಗೆ.

ಹೊರಗೆ ಬಂದಾಗ ಅಂಗಡಿಯ ರೇಡಿಯೊ ಕೂಗುತ್ತಿತ್ತು. ಲಿಂಗ ಸಮಾನತಾ ನೀತಿ ಅಂಗೀಕಾರ. ಹೆಣ್ಣುಮಕ್ಕಳಿಗೆ ಸಮಾನ ಹಕ್ಕು. ಅಷ್ಟೇ ಹೇಳಿತು. ಏನು ಬಿಟ್ಟಿದ್ದಾರೆಂದು ರೇಡಿಯೊ ಯಾಕೆ ಹೇಳುತ್ತದೆ…

ಪಾಸಾದ ದಿನವೇ ಹೊರಡ್ತೀನಿ ಅಂದಿದ್ದಳು. ಆಗ ನೆನಪಾಯಿತು. ಫೋನ್ ಮಾಡುತ್ತಲೇ ಇದ್ದೀನಿ. ಸ್ವಿಚ್ ಆಫ್. ಸ್ವಿಚ್ ಆಫ್.

ಮೇ 8, ಶುಕ್ರವಾರ

ದೊಡ್ಡಪ್ಪ ಜೆಫೆರಿನೊ ಫೋನ್ ಮಾಡಿದರು. ಬೆಳಗಿನ ಲಾರಿಯಲ್ಲಿ ಜುವಿತಾ ಬಂದಿಳಿದಿದ್ದಾಳೆ. ಬೆನ್ನಿಗೆ ಮಗು, ಕೈಯಲ್ಲಿ ಒಂದು ಗಂಟು. ಅಂಗಳದಲ್ಲಿ ನಿಂತು, ಈಗ ಕಾನೂನು ಬಂದಿದೆ ದೊಡ್ಡಪ್ಪ, ಇನ್ನು ಯಾರೂ ಎಮ್ಮೆ ಕೇಳಲ್ಲ ಅಂದಳಂತೆ. ನಗುತ್ತಿದ್ದಳಂತೆ.

ನಾಳೆ ಗಂಡನ ಕಡೆಯವರು ಬರುತ್ತಾರೆ, ಚಾಪೆ ಹಾಸಬೇಕು ಎಂದರು. ಎರಡು ಮನೆಯವರೂ ಕೂತು ಇತ್ಯರ್ಥವಾಗುವ ತನಕ ಚಾಪೆ ಸುತ್ತುವ ಹಾಗಿಲ್ಲ. ಹೋದ ಸಲವೂ ಹಾಸಿದ್ದರು. ಒಂದು ಹಂದಿ, ಒಂದು ತಾಯಿಸ್ ಕೊಟ್ಟು ಅವಳನ್ನು ಅದೇ ಸಂಜೆ ವಾಪಸ್ ಕರೆದುಕೊಂಡು ಹೋದರು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ದೊಡ್ಡಪ್ಪ ಕೆಟ್ಟವರಲ್ಲ. ಫೋನಿಡುವ ಮುಂಚೆ ಕೇಳಿದರು: "ನಿನ್ನ ಕಾಗದದಲ್ಲಿ ಹಾಗೆ ಇದೆಯೇನಮ್ಮ? ಇದ್ದರೆ ತಗೊಂಡು ಬಾ. ಎಲ್ಲರ ಮುಂದೆ ಓದು. ಇದ್ದರೆ ನಾನು ಕಳಿಸಲ್ಲ."

ಬರುತ್ತೀನಿ ಅಂದೆ. ಇದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಮೇ 9, ಶನಿವಾರ, ಮಧ್ಯಾಹ್ನ

ಅಡುಗೆಮನೆಯ ಹಿಂದೆ, ಕಟ್ಟಿಗೆ ರಾಶಿಯ ಮೇಲೆ ಕೂತು ಬರೆಯುತ್ತಿದ್ದೀನಿ. ಗಂಡಸರು ಊಟಕ್ಕೆ ಎದ್ದಿದ್ದಾರೆ. ಚಾಪೆ ಹಾಸಿಯೇ ಇದೆ.

ಓದಿದೆ.

ಬೆಳಗ್ಗೆಯಿಂದ ಎಮ್ಮೆಯದೇ ಮಾತು. ಯಾವುದಕ್ಕೆ ಎಷ್ಟು ವಯಸ್ಸಿತ್ತು, ಯಾವುದು ಗಬ್ಬವಾಗಿತ್ತು. ಮಾರ್ಸಾಲ್ ತಲೆ ಬಗ್ಗಿಸಿ ಒಳ್ಳೆ ಹುಡುಗನ ಹಾಗೆ ಕೂತಿದ್ದ. ಎಮ್ಮೆ ಇಲ್ಲದಿದ್ದರೆ ಮಗು ಕೊಡಿ ಎಂದರು ಅವನ ಹಿರಿಯರು. ಜುವಿತಾ ಕಂಬಕ್ಕೆ ಒರಗಿ ಕೂತಿದ್ದಳು, ಆ ಕೊಂಬುಗಳ ಕೆಳಗೇ. ಮಾತು ಸರಿಯಾಗಿ ಕೇಳಿಸದೆ ಎಲ್ಲರ ಮುಖ ನೋಡುತ್ತಿದ್ದಳು. ಆಮೇಲೆ ದೊಡ್ಡಪ್ಪ ನನ್ನ ಕಡೆ ಕೈ ಮಾಡಿದರು.

ಪ್ರತಿ ತೆಗೆದೆ. ಒಂಬತ್ತನೆಯ ಕಲಮಿಗೆ ಬಂದೆ. ಕಣ್ಣು ಅಂಕಿಅಂಶದ ಸಾಲಿನ ಮೇಲೆ. ಬಾಯಿ ಬೇರೆಯದನ್ನು ಹೇಳಿತು: ಕೊಟ್ಟ ಮೇಲೂ ಮಗಳು ಮಗಳೇ. ತವರಿನ ಬಾಗಿಲು ಅವಳಿಗೆ ಮುಚ್ಚುವ ಹಾಗಿಲ್ಲ…

ಪೂರ್ತಿ ಹೇಳಿದೆ. ಒಂದು ತಪ್ಪೂ ಇರಲಿಲ್ಲ ಈ ಸಲ. ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿದರು. ದೊಡ್ಡಪ್ಪನ ಮುಖ ಸಡಿಲವಾಯಿತು, ನೋಡಿದೆ — ಅವರಿಗೂ ಅದೇ ಬೇಕಿತ್ತು, ಪಾಪ. ಸರ್ಕಾರವೇ ಹಾಗಂದ ಮೇಲೆ ನಾನೇನು ಮಾಡಲಿ ಎಂದು ಬೀಗರಿಗೆ ಕೈ ಬಿಚ್ಚಿ ತೋರಿಸಿದರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕ್ಷಣ ಅಲ್ಲಿ ಕಾನೂನು ಇತ್ತು.

ಆಗ ಭಾವ ಅನ್ಸೆಲ್ಮೊ ಕೈ ಚಾಚಿದ. ಮರ್ಯಾದೆಯಿಂದಲೇ.

"ಪೋರ್ಚುಗೀಸಿನಲ್ಲಿದೆಯಲ್ಲ, ಕೊಡಿ ತಂಗಿ. ನಾನೂ ಒಮ್ಮೆ ನೋಡ್ತೀನಿ."

ಕೊಡದೆ ಏನು ಮಾಡಲಿ? ಕೊಟ್ಟೆ.

ಈಗ ಹಲಸಿನ ಮರದ ಕೆಳಗೆ ಒಬ್ಬನೇ ಕೂತು ಓದುತ್ತಿದ್ದಾನೆ. ಊಟಕ್ಕೂ ಹೋಗಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಮಕ್ಕಳಿಗೆ ಓದಿಸುವ ಹಾಗೆ. ಇಲ್ಲಿಗೆ ಕಾಣುತ್ತಿದೆ. ಇವತ್ತು ಜೋರು ಮಾಡಲು ರೇಡಿಯೊ ಇಲ್ಲ. ದೇವರೇ, ಒಂದೇ ಒಂದು ಸಲ ಆ ಮನುಷ್ಯ ಸುಳ್ಳು ಹೇಳಲಿ.

ಜುವಿತಾ ಬಂದು ಪಕ್ಕದಲ್ಲಿ ಕೂತಳು, ನನ್ನ ಬಲಗಡೆ ಬಿಟ್ಟು ಎಡಗಡೆ, ಕೇಳುವ ಕಿವಿ ನನ್ನ ಕಡೆ ಬರುವ ಹಾಗೆ. ತಟ್ಟೆ ತುಂಬ ಬೇಯಿಸಿದ ಜೋಳ ತಂದಿದ್ದಾಳೆ. ತಿನ್ನುತ್ತಿದ್ದಾಳೆ, ಹಸಿದವಳ ಹಾಗೆ. ಎಷ್ಟು ದಿನವಾಗಿತ್ತು ಇವಳು ಹೀಗೆ ತಿಂದದ್ದು ನೋಡಿ. ಮಗುವಿಗೆ ಇಲ್ಲೇ ಸ್ಕೂಲು ನೋಡಬೇಕು ಅಂದಳು. ಹೂಂ ಅಂದೆ.

ಅನ್ಸೆಲ್ಮೊ ಎದ್ದ. ಕನ್ನಡಕ ತೆಗೆದು ಜೇಬಿಗಿಟ್ಟ. ಚಾಪೆಯ ಕಡೆ ಹೋಗುತ್ತಿದ್ದಾನೆ, ಈ ಕಡೆ ನೋಡಲಿಲ್ಲ. ಉಳಿದವರೂ ಕೈ ತೊಳೆದು ಬರುತ್ತಿದ್ದಾರೆ.

"ಅಕ್ಕ," ಅಂದಳು ಜುವಿತಾ. "ಅದರಲ್ಲಿ ಇದೆ ಅಲ್ವಾ?"

ಕರೆಯುತ್ತಿದ್ದಾರೆ. ದೊಡ್ಡಪ್ಪ ನನ್ನ ಹೆಸರು ಹಿಡಿದು —