ಹೊಲಸು, ಹೊಲಿಸು

ಶನಿವಾರ, 15 ಜೂನ್ 2024. ಸದಾಶಿವನಗರ.

ಇವತ್ತು ಚರ್ಚಿನಲ್ಲಿ ಪ್ರಸಂಗಕ್ಕಿಂತ ಹಂದಿಯ ಮಾತೇ ಉದ್ದವಾಯಿತು.

ಅಮ್ಮ ಹನುಮಂತಮ್ಮನ ಹೃದಯದ ಕೆಟ್ಟ ವಾಲ್ವ್ ತೆಗೆದು ಹಂದಿಯದನ್ನು ಹಾಕುತ್ತಾರೆ. ತಡಮಾಡಿದರೆ ಉಳಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಶನಿವಾರ ಸಬ್ಬತ್ತೆಂದು ಕೆಲಸ ಬಿಡುವ ನಮ್ಮ ಅಡ್ವೆಂಟಿಸ್ಟರಿಗೆ ಕಾಫಿಯೇ ನಿಷಿದ್ಧ, ಇನ್ನು ಹಂದಿ! ಊಟದ ಸಾಲಿನಲ್ಲಿ ಸಭೆಯ ಹಿರಿಯರು, ಎಲ್ಡರ್ ಸುಂದರರಾಜ್, ಎಲ್ಲರೆದುರು ಕೇಳಿದರು: "ನಲವತ್ತು ವರ್ಷ ಹಂದಿ ಮುಟ್ಟದ ತಾಯಿ ಎದೇಲಿ ಹಂದೀನೇ ಇಡಿಸ್ತೀಯೇನಪ್ಪಾ?"

ಗುಬ್ಬಿಯ ನರ್ಸ್ ಸಂಧ್ಯಾ ಬಿಡಲಿಲ್ಲ. "ತಿನ್ಬೇಡಿ ಅಂತ ಬೈಬಲ್‌ನಲ್ಲಿದೆ ಅಂಕಲ್. ಹನುಮಂತಮ್ಮಜ್ಜಿ ಏನು ಸಾರು ಮಾಡ್ಕೊಂಡು ಕುಡೀತಾರಾ?"

"ಮುಟ್ಟಬಾರ್ದು ಅಂತಾನೂ ಇದೆ ಕಣಮ್ಮಾ."

"ಮುಟ್ಟೋರು ಸರ್ಜನ್ನು. ಅಜ್ಜಿ ನಿದ್ದೇಲಿರ್ತಾರೆ."

ಅರ್ಧ ಸಭೆ ನಕ್ಕಿತು. ಇನ್ನರ್ಧ ನನ್ನ ಮನಸ್ಸು ತಿರುಗಲೆಂದು ಕಣ್ಣು ಮುಚ್ಚಿ ಪ್ರಾರ್ಥಿಸಿತು. ತಿರುಗುವುದಿಲ್ಲ. ಇದೇ ಎಲ್ಡರನ್ನು ಬಸ್‌ಸ್ಟ್ಯಾಂಡಿನ ದರ್ಶಿನಿಯಲ್ಲಿ ಸ್ಟ್ರಾಂಗ್ ಕಾಫಿ ಹೀರುವಾಗ ನೋಡಿದ್ದೇನೆ. ಸಬ್ಬತ್ತಿನ ಮರ್ಯಾದೆಗೆ ಬಾಯಿ ಬಿಡಲಿಲ್ಲ.

ಮನೆಗೆ ಬಂದವನೇ ಅಮ್ಮನಿಗೆ ನನ್ನ ಪ್ರಾಸ ಒಪ್ಪಿಸಿದೆ: ತಿಂದರೆ ಹೊಲಸು, ಬದುಕಬೇಕೇ? ಹೊಲಿಸು.

"ಹಂಗಾದ್ರೆ ಹೊಲ್ಸು ಕಣ್ಲಾ," ಎಂದಳು. ಅವಳ ಬಾಯಲ್ಲಿ ಎರಡೂ ಒಂದೇ ಮಾತು. ಎಲ್ಡರ್ ಕೇಳಿದ್ದರೆ ತಮ್ಮ ಪಕ್ಷವೆಂದೇ ತಿಳಿಯುತ್ತಿದ್ದರು. ಒಪ್ಪಿಗೆ ಪತ್ರ ಮುಂದಿಟ್ಟರೆ ಮಾತ್ರ ಕೈ ಹಿಂದೆಳೆದಳು. "ಸಬ್ಬತ್ತು ಮುಗೀಲಿ, ಆಮೇಲೆ."

ಇಬ್ಬರೂ ಬಾಗಿಲಲ್ಲಿ ಕೂತು ಸೂರ್ಯ ಮುಳುಗುವುದನ್ನೇ ಕಾದೆವು. ಮುಳುಗಿದ್ದೇ ತಡ, ದಪ್ಪಕ್ಷರದಲ್ಲಿ ಸಹಿ ಹಾಕಿದಳು. ದೇವರ ಹೊತ್ತು ದೇವರಿಗೆ ಸಂದಿದೆ. ಇನ್ನು ಎಲ್ಡರ್ ಏನು ಹೇಳುತ್ತಾರೆ?

ಸೋಮವಾರ ಅಡ್ಮಿಟ್. ಅವರನ್ನೂ ಪ್ರಾರ್ಥನೆಗೆ ಕರೆಯುತ್ತೇನೆ. ಬರಲಿ. ಫ್ಲಾಸ್ಕಿನಲ್ಲಿ ಸ್ಟ್ರಾಂಗ್ ಕಾಫಿ ನಾನೇ ತಂದಿಟ್ಟಿರುತ್ತೇನೆ.